ಕಥೆಯ ಬದಲು ಕಡತ: ಊಹಾತ್ಮಕ ಷೇರು ಮತ್ತು ಹೂಡಿಕೆದಾರನ ಸ್ವಂತ ಅಧ್ಯಯನ

ಒಂದು ಕಂಪನಿಯ ಷೇರು ಊಹಾತ್ಮಕ ಎನಿಸಿಕೊಳ್ಳುವುದು ಅದರ ಬೆಲೆ ಅಗ್ಗವಾಗಿರುವುದರಿಂದಲ್ಲ. ಆ ಬೆಲೆಯನ್ನು ಹೊರಬೇಕಾದ ಗಳಿಕೆ ಇನ್ನೂ ಕೈಗೆ ಬಾರದೆ, ಮುಂದೆಂದೋ ಬರಬಹುದೆಂಬ ನಿರೀಕ್ಷೆಯ ಮೇಲೆಯೇ ಕೊಳ್ಳುವಿಕೆ ಮತ್ತು ಮಾರಾಟ ನಡೆಯುವುದರಿಂದ. ವರ್ಷಾನುಗಟ್ಟಲೆ ಲಾಭ ಗಳಿಸಿ ಅದರಲ್ಲಿ ಒಂದು ಪಾಲನ್ನು ಲಾಭಾಂಶವಾಗಿ ಹಂಚಿದ ಕಂಪನಿಯ ಷೇರಿಗೂ ಏರಿಳಿತವಿದೆ, ಆದರೆ ಅದರ ಬೆಲೆ ಹೆಚ್ಚಾಯಿತೋ ಕಡಿಮೆಯಾಯಿತೋ ಎಂದು ಅಳೆಯಲು ಒಂದು ಅಳತೆಗೋಲು ಇರುತ್ತದೆ. ಸಾಲದಲ್ಲಿ ಮುಳುಗಿ ಚೇತರಿಕೆಯ ಸುದ್ದಿ ಹರಡುತ್ತಿರುವ ಕಂಪನಿ, ಹೆಸರು ಬದಲಿಸಿಕೊಂಡು ಹೊಸ ವ್ಯವಹಾರಕ್ಕೆ ಇಳಿಯುವುದಾಗಿ ಸಾರುವ ಹಳೆಯ ಕಂಪನಿ, ಕೆಲವೇ ರೂಪಾಯಿಗೆ ಸಿಗುವ ಪೆನ್ನಿ ಷೇರು, ಸಣ್ಣ ಉದ್ದಿಮೆಗಳ ಪೇಟೆಯಲ್ಲಿ ಹೊಸದಾಗಿ ಬಿಡುಗಡೆಯಾಗುವ ಷೇರು, ಇವುಗಳಿಗೆ ಅಂಥ ಅಳತೆಗೋಲು ಇರುವುದಿಲ್ಲ, ಇದ್ದರೂ ಬಹು ದುರ್ಬಲವಾಗಿರುತ್ತದೆ. ಆ ಖಾಲಿ ಜಾಗವನ್ನು ತುಂಬುವುದು ಕಥೆ.

2020ರ ಮಾರ್ಚ್ ವೇಳೆಗೆ ಭಾರತದಲ್ಲಿ ಸುಮಾರು 4 ಕೋಟಿಯಷ್ಟಿದ್ದ ಡಿಮ್ಯಾಟ್ ಖಾತೆಗಳು, ಅಂದರೆ ಷೇರುಗಳನ್ನು ವಿದ್ಯುನ್ಮಾನ ರೂಪದಲ್ಲಿ ಇಟ್ಟುಕೊಳ್ಳುವ ಖಾತೆಗಳು, 2022ರ ಆಗಸ್ಟ್‌ನಲ್ಲಿ 10 ಕೋಟಿಯನ್ನು ದಾಟಿದವು. ಹೀಗೆ ಪೇಟೆಗೆ ಹೊಸದಾಗಿ ಕಾಲಿಟ್ಟವರಿಗೆ ಎಲ್ಲರೂ ಕೊಡುವ ಸಲಹೆ ಒಂದೇ: ಹಣ ಹಾಕುವ ಮೊದಲು ನೀವೇ ಅಧ್ಯಯನ ಮಾಡಿ. ಷೇರು ಕೊಳ್ಳಿರೆಂದು ಹುರಿದುಂಬಿಸುವ ವಿಡಿಯೊಗಳ ಕೊನೆಯಲ್ಲಿಯೂ ಇದೇ ಮಾತು ಹೊಣೆ ಜಾರಿಸಿಕೊಳ್ಳುವ ವಾಕ್ಯವಾಗಿ ಬರುತ್ತದೆ. ಆದರೆ ಅಧ್ಯಯನವೆಂದರೆ ಏನು, ಯಾವ ಕಾಗದವನ್ನು ಎಲ್ಲಿ ನೋಡಬೇಕು, ಅದರಲ್ಲಿ ಮೊದಲು ಯಾವ ಸಾಲನ್ನು ಓದಬೇಕು ಎಂಬುದನ್ನು ಹೇಳುವವರು ಕಡಿಮೆ. ಪರಿಣಾಮವಾಗಿ ನಾಲ್ಕು ಜನರ ಅಭಿಪ್ರಾಯ ಕೇಳುವುದು, ಬೆಲೆಯ ನಕ್ಷೆ ನೋಡುವುದು, ಟೆಲಿಗ್ರಾಂ ಗುಂಪಿನಲ್ಲಿ ಬಂದ ಗುರಿಬೆಲೆಯನ್ನು ಇನ್ನೊಂದು ಗುಂಪಿನ ಗುರಿಬೆಲೆಯೊಂದಿಗೆ ಹೋಲಿಸುವುದು, ಇವೇ ಅಧ್ಯಯನವೆಂದು ನಡೆದುಹೋಗುತ್ತಿವೆ. ಇವೆಲ್ಲವೂ ಒಂದೇ ಕಥೆಯ ಬೇರೆ ಬೇರೆ ಪ್ರತಿಗಳು; ಕಥೆಯನ್ನು ಪರೀಕ್ಷೆಗೆ ಒಡ್ಡಬಲ್ಲದ್ದು, ಕಾನೂನಿನ ಬಲವಂತದಿಂದ ಕಂಪನಿಯೇ ಸಲ್ಲಿಸಿದ ಕಡತ ಮಾತ್ರ.

ಬೆಲೆ ತಾನಾಗಿ ಏನನ್ನೂ ಹೇಳುವುದಿಲ್ಲ ಎಂಬುದಕ್ಕೆ ಎಲ್ಸಿಡ್ ಇನ್ವೆಸ್ಟ್‌ಮೆಂಟ್ಸ್ ಎಂಬ ಕಂಪನಿಯಷ್ಟು ಸ್ಪಷ್ಟವಾದ ನಿದರ್ಶನ ಸಿಗುವುದು ಕಷ್ಟ. ಮುಂಬೈ ಷೇರು ವಿನಿಮಯ ಕೇಂದ್ರದಲ್ಲಿ ಅದರ ಷೇರಿನ ಬೆಲೆ ಬಹುಕಾಲ 3 ರೂಪಾಯಿ 53 ಪೈಸೆ ಎಂದು ದಾಖಲಾಗಿತ್ತು. ಹೊರನೋಟಕ್ಕೆ ಅದು ಅಪ್ಪಟ ಪೆನ್ನಿ ಷೇರು. ಆದರೆ ಆ ಕಂಪನಿ ಹಾಗೂ ಅದರ ಅಂಗಸಂಸ್ಥೆಗಳ ಬಳಿ ಏಷ್ಯನ್ ಪೇಂಟ್ಸ್‌ನ ಸುಮಾರು ಶೇ 3ರಷ್ಟು ಷೇರುಗಳಿದ್ದವು, ಎಲ್ಸಿಡ್‌ನ ಒಟ್ಟು ಷೇರುಗಳು ಕೇವಲ 2 ಲಕ್ಷ, ಅವುಗಳಲ್ಲಿ ಮುಕ್ಕಾಲು ಪಾಲು ಪ್ರವರ್ತಕರ ಕೈಯಲ್ಲಿ, ಮತ್ತು ಪುಸ್ತಕ ಮೌಲ್ಯ, ಅಂದರೆ ಸಾಲಗಳನ್ನೆಲ್ಲ ಕಳೆದು ಉಳಿಯುವ ಆಸ್ತಿಯಲ್ಲಿ ಒಂದು ಷೇರಿಗೆ ಬರುವ ಪಾಲು, ಲಕ್ಷಗಳ ಲೆಕ್ಕದಲ್ಲಿತ್ತು. ಆ ಬೆಲೆಗೆ ಮಾರುವವರೇ ಇಲ್ಲದ ಕಾರಣ ವಹಿವಾಟು ನಡೆಯದೆ ಹಳೆಯ ಅಂಕಿ ಹಾಗೆಯೇ ನಿಂತಿತ್ತು. ಇಂಥ ಕಂಪನಿಗಳಿಗೆ ನ್ಯಾಯವಾದ ಬೆಲೆ ಕಂಡುಕೊಳ್ಳಲೆಂದು ವಿಶೇಷ ಹರಾಜಿಗೆ ಅವಕಾಶ ಮಾಡಿಕೊಟ್ಟ ಮೇಲೆ, 2024ರ ಅಕ್ಟೋಬರ್ 29ರಂದು ಅದೇ ಷೇರು 2,36,250 ರೂಪಾಯಿಗೆ ಮುಟ್ಟಿತು. ಪತ್ರಿಕೆಗಳು ಇದನ್ನು ಒಂದೇ ದಿನದ ಪವಾಡವೆಂದು ಬರೆದವು. ಅದು ಪವಾಡವಲ್ಲ, ವಾರ್ಷಿಕ ವರದಿಯಲ್ಲಿ ವರ್ಷಗಳಿಂದ ಮುದ್ರಿತವಾಗಿದ್ದ ಅಂಕಿಗೆ ಪೇಟೆಯ ಬೆಲೆ ತಡವಾಗಿ ಹತ್ತಿರ ಬಂದದ್ದು. ಇದರ ಪಾಠವನ್ನು ತಿರುಗುಮುರುಗು ಮಾಡಿಕೊಂಡು, 3 ರೂಪಾಯಿಯ ಷೇರೆಲ್ಲ ಲಕ್ಷವಾಗಬಹುದೆಂದು ನಂಬಿದವರೂ ಇದ್ದಾರೆ. ಮುಖಬೆಲೆಯನ್ನು ಒಡೆದು ಒಂದು ಷೇರನ್ನು ಹತ್ತು ಮಾಡಿದರೆ ಬೆಲೆ ಹತ್ತನೆಯ ಒಂದಕ್ಕೆ ಇಳಿದು ಕಂಪನಿ ಅಗ್ಗವಾಗಿ ಕಾಣುತ್ತದೆ, ಆದರೆ ಕಂಪನಿಯ ಒಟ್ಟು ಮೌಲ್ಯ ಒಂದು ಪೈಸೆಯಷ್ಟೂ ಬದಲಾಗಿರುವುದಿಲ್ಲ. ಆದ್ದರಿಂದ ನೋಡಬೇಕಾದದ್ದು ಷೇರಿನ ಬೆಲೆಯನ್ನಲ್ಲ. ಒಟ್ಟು ಷೇರುಗಳ ಸಂಖ್ಯೆಯಿಂದ ಅದನ್ನು ಗುಣಿಸಿದಾಗ ಬರುವ ಮಾರುಕಟ್ಟೆ ಮೌಲ್ಯವನ್ನು.

ಕೈಬದಲಾಗುವ ಷೇರುಗಳು ಕಡಿಮೆ ಇರುವಲ್ಲಿ ಬೆಲೆಯನ್ನು ಎತ್ತುವುದು ಸುಲಭ. ವಿನಿಮಯ ಕೇಂದ್ರಗಳು ಒಂದು ದಿನದಲ್ಲಿ ಬೆಲೆ ಶೇ 5, 10 ಅಥವಾ 20ಕ್ಕಿಂತ ಹೆಚ್ಚು ಏರದಂತೆ, ಇಳಿಯದಂತೆ ಮಿತಿ ಹಾಕುತ್ತವೆ. ಇದನ್ನೇ ಪೇಟೆಯಲ್ಲಿ ಸರ್ಕ್ಯೂಟ್ ಎನ್ನುತ್ತಾರೆ. ಹೊಸ ಹೂಡಿಕೆದಾರನ ಕಣ್ಣಿಗೆ ದಿನವೂ ಅಪ್ಪರ್ ಸರ್ಕ್ಯೂಟ್ ಮುಟ್ಟುವ ಷೇರು ಬೇಡಿಕೆಯ ಗುರುತಾಗಿ ಕಾಣುತ್ತದೆ, ಆದರೆ ಪರಸ್ಪರ ಪರಿಚಯವಿರುವ ನಾಲ್ಕಾರು ಖಾತೆಗಳು ತಮ್ಮತಮ್ಮಲ್ಲೇ ಕೊಟ್ಟು ತೆಗೆದುಕೊಂಡರೂ ಬೆಲೆಯ ನಕ್ಷೆ ಹಾಗೆಯೇ ಏರುತ್ತದೆ. ಬೆಲೆ ಬೀಳತೊಡಗಿದಾಗ ಇದೇ ಮಿತಿ ಕೆಳಗಿನಿಂದ ಕಟ್ಟಿಹಾಕುತ್ತದೆ: ಲೋಯರ್ ಸರ್ಕ್ಯೂಟ್‌ನಲ್ಲಿ ಮಾರಲು ಸಾಲುಗಟ್ಟಿ ನಿಂತವರಿಗೆ ಕೊಳ್ಳುವವರೇ ಇರುವುದಿಲ್ಲ. ನಷ್ಟದ ಗಣಿತವೂ ಹೂಡಿಕೆದಾರನಿಗೆ ಪ್ರತಿಕೂಲವಾದದ್ದು. ಶೇ 50ರಷ್ಟು ಕಳೆದುಕೊಂಡ ಹಣ ಮೊದಲಿನಂತಾಗಲು ಶೇ 100ರಷ್ಟು ಏರಬೇಕು, ಶೇ 90ರಷ್ಟು ಕಳೆದುಕೊಂಡದ್ದು ಶೇ 900ರಷ್ಟು.

ಸಾಧ್ನಾ ಬ್ರಾಡ್‌ಕಾಸ್ಟ್ ಎಂಬ ಕಂಪನಿಯ ಪ್ರಕರಣವನ್ನು ಸ್ವಲ್ಪ ವಿವರವಾಗಿ ನೋಡುವುದು ಇಲ್ಲಿ ಉಪಯುಕ್ತ, ಏಕೆಂದರೆ ಷೇರುಪೇಟೆಯ ನಿಯಂತ್ರಕ ಸಂಸ್ಥೆಯಾದ ಸೆಬಿ 2023ರ ಮಾರ್ಚ್ 2ರಂದು ಹೊರಡಿಸಿದ ಮಧ್ಯಂತರ ಆದೇಶದಲ್ಲಿ ಅದರ ಒಂದೊಂದು ಹೆಜ್ಜೆಯೂ ದಾಖಲಾಗಿದೆ. ಆದೇಶದ ಪ್ರಕಾರ 2022ರ ಜುಲೈ ತಿಂಗಳ ಉತ್ತರಾರ್ಧದಲ್ಲಿ ಯೂಟ್ಯೂಬ್‌ನ ಎರಡು ಚಾನೆಲ್‌ಗಳಲ್ಲಿ ಈ ಕಂಪನಿಯ ಕುರಿತ ವಿಡಿಯೊಗಳು ಪ್ರಕಟವಾದವು. ಕಂಪನಿಯನ್ನು ಅದಾನಿ ಸಮೂಹ ಕೊಳ್ಳಲಿದೆ, ಟಿವಿ ಕಾರ್ಯಕ್ರಮಗಳಿಂದ ಚಲನಚಿತ್ರ ನಿರ್ಮಾಣಕ್ಕೆ ಅದು ಹೊರಳಲಿದೆ, ಅಮೆರಿಕದ ದೊಡ್ಡ ಸಂಸ್ಥೆಯೊಂದು ನಾಲ್ಕು ಭಕ್ತಿಪ್ರಧಾನ ಚಿತ್ರಗಳಿಗಾಗಿ 1,100 ಕೋಟಿ ರೂಪಾಯಿಯ ಒಪ್ಪಂದ ಮಾಡಿಕೊಂಡಿದೆ ಎಂಬ ಸುಳ್ಳುಗಳು ಅವುಗಳಲ್ಲಿದ್ದವು. ಹಣ ಕೊಟ್ಟು ಜಾಹೀರಾತು ಮಾಡಿಸಿ ಈ ವಿಡಿಯೊಗಳನ್ನು ಲಕ್ಷಾಂತರ ಜನರ ಮುಂದೆ ತರಲಾಯಿತು. ಜೂನ್ ತ್ರೈಮಾಸಿಕದ ಕೊನೆಯಲ್ಲಿ 2,167 ಇದ್ದ ಸಣ್ಣ ಷೇರುದಾರರ ಸಂಖ್ಯೆ ಸೆಪ್ಟೆಂಬರ್ ಕೊನೆಗೆ 55,343ಕ್ಕೆ ಏರಿತು. ಮೂರು ತಿಂಗಳಲ್ಲಿ ಇಪ್ಪತ್ತೈದು ಪಟ್ಟು ಜನ ಕೊಂಡರೆಂದರೆ ಅಷ್ಟು ಷೇರುಗಳನ್ನು ಯಾರೋ ಮಾರಿರಲೇಬೇಕು. ಹಾಗೆ ಉಬ್ಬಿದ ಬೆಲೆಗೆ ಮಾರಿದವರಲ್ಲಿ ಕಂಪನಿಯ ಕೆಲವು ಪ್ರವರ್ತಕರೂ ಶೇ 1ಕ್ಕಿಂತ ಹೆಚ್ಚು ಷೇರು ಹೊಂದಿದ್ದ ಇತರರೂ ಇದ್ದರೆಂದು ಸೆಬಿ ಕಂಡುಕೊಂಡಿತು.

ಆ ಜುಲೈ ತಿಂಗಳಲ್ಲಿ ಒಬ್ಬ ಸಾಮಾನ್ಯ ಓದುಗನ ಕೈಗೆ ಏನು ಸಿಗುತ್ತಿತ್ತು ಎಂದು ಕೇಳಿಕೊಂಡರೆ, ಅಧ್ಯಯನದ ಅರ್ಥ ತಿಳಿಯುತ್ತದೆ. ನೋಂದಾಯಿತ ಕಂಪನಿಯೊಂದು ತನ್ನ ವ್ಯವಹಾರದ ಮೇಲೆ ಗಣನೀಯ ಪರಿಣಾಮ ಬೀರುವ ಒಪ್ಪಂದವನ್ನು ವಿನಿಮಯ ಕೇಂದ್ರಕ್ಕೆ ತಿಳಿಸಲೇಬೇಕು, ಆ ಪ್ರಕಟಣೆ ಕೇಂದ್ರದ ಜಾಲತಾಣದಲ್ಲಿ ಯಾರಿಗೂ ಉಚಿತವಾಗಿ ಕಾಣುತ್ತದೆ. 1,100 ಕೋಟಿಯ ಒಪ್ಪಂದ ಅಲ್ಲಿ ಇಲ್ಲವೆಂದರೆ ಅದು ಇಲ್ಲ ಎಂದೇ ತಿಳಿಯಬೇಕು, ವಿಡಿಯೊದ ನಿರೂಪಕ ಎಷ್ಟೇ ಒಳಗಿನ ಮಾಹಿತಿಯೆಂದು ಪಿಸುಗುಟ್ಟಿದರೂ. ಅದೇ ತಾಣದಲ್ಲಿ ಕಂಪನಿಯ ಹಿಂದಿನ ತ್ರೈಮಾಸಿಕಗಳ ಆದಾಯವಿರುತ್ತದೆ. ವ್ಯವಹಾರದ ಗಾತ್ರಕ್ಕೂ ಹೇಳಲಾಗುತ್ತಿರುವ ಒಪ್ಪಂದದ ಗಾತ್ರಕ್ಕೂ ಇರುವ ಅಂತರವನ್ನು ನೋಡಲು ಲೆಕ್ಕಶಾಸ್ತ್ರ ಬೇಕಿಲ್ಲ. ತ್ರೈಮಾಸಿಕ ಮುಗಿದ 21 ದಿನಗಳೊಳಗೆ ಸಲ್ಲಿಸಬೇಕಾದ ಷೇರು ಹಿಡುವಳಿಯ ಪಟ್ಟಿಯೂ ಅಲ್ಲಿರುತ್ತದೆ. ಊಹಾತ್ಮಕ ಷೇರಿನ ಮಟ್ಟಿಗೆ ಮೊದಲು ಓದಬೇಕಾದ ಕಾಗದ ಇದೇ, ಲಾಭನಷ್ಟದ ಲೆಕ್ಕವೂ ಆಮೇಲೆ. ಯಾರ ಕೈಯಲ್ಲಿ ಎಷ್ಟು ಷೇರು ಇದೆ, ಕಳೆದ ನಾಲ್ಕು ತ್ರೈಮಾಸಿಕಗಳಲ್ಲಿ ಯಾರ ಪಾಲು ಇಳಿದಿದೆ, ಯಾರ ಪಾಲು ಏರಿದೆ ಎಂಬ ನಾಲ್ಕು ಸಾಲು ನೋಡಿದರೆ, ಪ್ರವರ್ತಕರ ಪಾಲು ಇಳಿಯುತ್ತಾ ಸಣ್ಣ ಷೇರುದಾರರ ಸಂಖ್ಯೆ ಉಕ್ಕುತ್ತಿರುವ ಕಂಪನಿಯಲ್ಲಿ ಮಾಲು ಯಾರಿಂದ ಯಾರಿಗೆ ದಾಟುತ್ತಿದೆ ಎಂಬುದು ಬಚ್ಚಿಡಲಾರದ ಸತ್ಯವಾಗುತ್ತದೆ. ಕೇಳದೆಯೇ ಮನೆಬಾಗಿಲಿಗೆ ಬಂದ ಪ್ರತಿಯೊಂದು ಷೇರಿನ ಸುದ್ದಿಯ ಹಿಂದೆಯೂ ಮಾರಲು ಕಾದಿರುವವನೊಬ್ಬ ಇದ್ದಾನೆಂದು ಭಾವಿಸಿ ಅಧ್ಯಯನ ಆರಂಭಿಸುವುದು ಅನುಮಾನದ ಅತಿರೇಕವಲ್ಲ, ಅದು ಆ ಪೇಟೆಯ ನಡಾವಳಿಯ ಅರಿವು.

ಹಿಡುವಳಿಯ ಪಟ್ಟಿಯ ನಂತರ ಪ್ರವರ್ತಕರು ತಮ್ಮ ಷೇರುಗಳನ್ನು ಒತ್ತೆಯಿಟ್ಟು ಸಾಲ ಪಡೆದಿದ್ದಾರೆಯೇ ಎಂಬ ಸಾಲು ಬರುತ್ತದೆ. ಬೆಲೆ ಇಳಿದಾಗ ಸಾಲ ಕೊಟ್ಟವರು ಒತ್ತೆಯ ಷೇರುಗಳನ್ನು ಪೇಟೆಗೆ ಸುರಿಯುತ್ತಾರೆ, ಇಳಿಕೆ ಇನ್ನಷ್ಟು ಇಳಿಕೆಯನ್ನು ತರುತ್ತದೆ. ಆಯ್ದ ವ್ಯಕ್ತಿಗಳಿಗೆ ಕಂಪನಿ ನೇರವಾಗಿ ಹೊಸ ಷೇರು ಅಥವಾ ವಾರಂಟ್, ಅಂದರೆ ಮುಂದೆ ನಿಗದಿತ ಬೆಲೆಗೆ ಷೇರು ಪಡೆಯುವ ಹಕ್ಕು, ಹಂಚಿದ್ದರೆ ಆ ಹಂಚಿಕೆಯ ಬೆಲೆ ಮತ್ತು ಮಾರಾಟಕ್ಕಿರುವ ನಿರ್ಬಂಧ ತೆರವಾಗುವ ದಿನಾಂಕ ಎರಡನ್ನೂ ಗುರುತಿಸಿಕೊಳ್ಳಬೇಕು. ಲೆಕ್ಕಪತ್ರದಲ್ಲಿ ಲಾಭಕ್ಕಿಂತ ನಗದು ಹರಿವಿನ ಪಟ್ಟಿ ಹೆಚ್ಚು ಪ್ರಾಮಾಣಿಕ. ಸಾಲದ ಮೇಲೆ ಸರಕು ಮಾರಿದ ದಿನವೇ ಲಾಭ ಎಂದು ಬರೆದುಕೊಳ್ಳಲು ಲೆಕ್ಕದ ನಿಯಮ ಅವಕಾಶ ಕೊಡುತ್ತದೆ, ಹಣ ಬರದೆ ಇದ್ದರೂ. ವರ್ಷದಿಂದ ವರ್ಷಕ್ಕೆ ಲಾಭ ಏರುತ್ತಾ, ವ್ಯವಹಾರದಿಂದ ಬಂದ ನಗದು ಮಾತ್ರ ಋಣಾತ್ಮಕವಾಗಿಯೇ ಉಳಿದು, ಗಿರಾಕಿಗಳಿಂದ ಬರಬೇಕಾದ ಬಾಕಿ ಬೆಳೆಯುತ್ತಿದ್ದರೆ, ಆ ಗಿರಾಕಿಗಳು ಯಾರೆಂಬ ಪ್ರಶ್ನೆ ಏಳಬೇಕು. ಪ್ರವರ್ತಕರ ಸ್ವಂತ ಸಂಸ್ಥೆಗಳೊಂದಿಗೆ ನಡೆದ ವ್ಯವಹಾರಗಳ ಟಿಪ್ಪಣಿಯಲ್ಲಿ ಅದಕ್ಕೆ ಎಷ್ಟೋ ಸಲ ಉತ್ತರ ಸಿಗುತ್ತದೆ. ವಾರ್ಷಿಕ ವರದಿಯ ಮುಂಭಾಗದ ಬಣ್ಣದ ಚಿತ್ರಗಳನ್ನೂ ಅಧ್ಯಕ್ಷರ ಸಂದೇಶವನ್ನೂ ಬಿಟ್ಟು ಹಿಂಭಾಗದ ಸಣ್ಣ ಅಕ್ಷರಗಳಿಂದ ಓದಲು ತೊಡಗುವುದು ಒಳ್ಳೆಯ ಅಭ್ಯಾಸ.

ಕರ್ನಾಟಕದ ಓದುಗರಿಗೆ ಹತ್ತಿರದ ಉದಾಹರಣೆ ಬೆಂಗಳೂರಿನ ಕಿಂಗ್‌ಫಿಷರ್ ಏರ್‌ಲೈನ್ಸ್. 2005ರಲ್ಲಿ ಹಾರಾಟ ಆರಂಭಿಸಿದ ಈ ಸಂಸ್ಥೆ 2008-09ರಿಂದ 2010-11ರವರೆಗಿನ ಮೂರು ಆರ್ಥಿಕ ವರ್ಷಗಳಲ್ಲಿ ಪ್ರತಿವರ್ಷವೂ 1,000 ಕೋಟಿ ರೂಪಾಯಿಗಿಂತ ಹೆಚ್ಚು ನಷ್ಟ ತೋರಿಸಿತು. ಈ ಅಂಕಿಗಳು ಗುಟ್ಟಾಗಿರಲಿಲ್ಲ, ಕಂಪನಿಯೇ ಪ್ರಕಟಿಸಿದವು. ಹಾಗಿದ್ದೂ 2011ರಲ್ಲಿ ಸಾಲ ಕೊಟ್ಟ ಬ್ಯಾಂಕುಗಳು ತಮ್ಮ ಸಾಲದ ಒಂದು ಭಾಗವನ್ನು ಷೇರಾಗಿ ಬದಲಿಸಿಕೊಂಡಾಗ, ಪೇಟೆಯಲ್ಲಿ ಸುಮಾರು 40 ರೂಪಾಯಿಗೆ ಸಿಗುತ್ತಿದ್ದ ಷೇರಿಗೆ 64 ರೂಪಾಯಿ 48 ಪೈಸೆಯ ಬೆಲೆ ಕಟ್ಟಿದವು. ಬ್ಯಾಂಕುಗಳೇ ಹೆಚ್ಚಿನ ಬೆಲೆಗೆ ತೆಗೆದುಕೊಂಡಿವೆ, ಒಡೆಯರು ಶ್ರೀಮಂತರು, ಹೆಸರು ದೊಡ್ಡದು ಎಂಬ ಮೂರು ಊರುಗೋಲುಗಳ ಮೇಲೆ ಆಮೇಲೆ ಆ ಷೇರನ್ನು ಕೊಂಡವರಿಗೆ ದೊರೆತದ್ದು ಇಷ್ಟು: 2012ರ ಅಕ್ಟೋಬರ್‌ನಲ್ಲಿ ಹಾರಾಟ ನಿಂತಿತು, 2018ರಲ್ಲಿ ಷೇರನ್ನು ವಿನಿಮಯ ಕೇಂದ್ರಗಳ ಪಟ್ಟಿಯಿಂದ ಕೈಬಿಡಲಾಯಿತು. ದೊಡ್ಡವರು ಕೊಂಡಿದ್ದಾರೆ ಎಂಬುದು ಮಾಹಿತಿಯೇ ಹೊರತು ಪ್ರಮಾಣವಲ್ಲ. ಅವರಿಗೆ ಬೇರೆ ದಾರಿಯಿರಲಿಲ್ಲ ಎಂಬ ಸಾಧ್ಯತೆಯೂ ಅದರೊಳಗೇ ಇರುತ್ತದೆ.

ಹೊಸ ಷೇರು ಬಿಡುಗಡೆಗಳಲ್ಲಿ ಈ ಮರುಳು ಇನ್ನೂ ಹೆಚ್ಚು. 2024ರ ಆಗಸ್ಟ್‌ನಲ್ಲಿ ದೆಹಲಿಯಲ್ಲಿ ಎರಡು ಯಮಹಾ ಬೈಕ್ ಷೋರೂಮುಗಳನ್ನೂ ಎಂಟು ನೌಕರರನ್ನೂ ಹೊಂದಿದ್ದ ರಿಸೋರ್ಸ್‌ಫುಲ್ ಆಟೊಮೊಬೈಲ್ ಎಂಬ ಕಂಪನಿ ಸಣ್ಣ ಉದ್ದಿಮೆಗಳ ಪೇಟೆಯಲ್ಲಿ ಸುಮಾರು 12 ಕೋಟಿ ರೂಪಾಯಿ ಕೇಳಿದಾಗ, ಬಂದ ಬೇಡಿಕೆ 4,700 ಕೋಟಿಯನ್ನು ಮೀರಿತ್ತು. ಕಂಪನಿ ಏನನ್ನೂ ಮುಚ್ಚಿಟ್ಟಿರಲಿಲ್ಲ ಎಂಬುದೇ ಇಲ್ಲಿ ಗಮನಿಸಬೇಕಾದ ಸಂಗತಿ. ಷೋರೂಮು ಎರಡೇ, ನೌಕರರು ಎಂಟೇ ಎಂದು ಬಿಡುಗಡೆಯ ಮಾಹಿತಿ ಪತ್ರದಲ್ಲಿಯೇ ಬರೆದಿತ್ತು. ಅರ್ಜಿ ಹಾಕಿದವರಲ್ಲಿ ಬಹುಮಂದಿ ಅದನ್ನು ತೆರೆದು ನೋಡಿರಲಾರರು ಎಂದು ಊಹಿಸುವುದು ಅವರಿಗೆ ಮಾಡುವ ಅನ್ಯಾಯವೇನಲ್ಲ. ಸಣ್ಣ ಉದ್ದಿಮೆಗಳ ಇಂಥ ಮಾಹಿತಿ ಪತ್ರಗಳನ್ನು ಪರಿಶೀಲಿಸಿ ಒಪ್ಪಿಗೆ ಕೊಡುವುದು ವಿನಿಮಯ ಕೇಂದ್ರವೇ ಹೊರತು ದೊಡ್ಡ ಕಂಪನಿಗಳ ವಿಷಯದಲ್ಲಿ ಆಗುವಂತೆ ಸೆಬಿಯಲ್ಲ ಎಂಬುದೂ ಅನೇಕರಿಗೆ ಗೊತ್ತಿಲ್ಲ.

ಓದಿದರೆ ಏನಾಗುತ್ತದೆ ಎಂಬುದಕ್ಕೆ ಅದೇ ವರ್ಷದ ಟ್ರಾಫಿಕ್‌ಸಾಲ್ ಐಟಿಎಸ್ ಟೆಕ್ನಾಲಜೀಸ್ ಪ್ರಕರಣ ಸಾಕ್ಷಿ. ಈ ಕಂಪನಿ ಎತ್ತಲು ಹೊರಟ ಸುಮಾರು 45 ಕೋಟಿ ರೂಪಾಯಿಯಲ್ಲಿ 17.70 ಕೋಟಿ ಒಂದು ಸಾಫ್ಟ್‌ವೇರ್ ಕೊಳ್ಳಲು ಮೀಸಲೆಂದು ಮಾಹಿತಿ ಪತ್ರದ ನಿಧಿ ಬಳಕೆಯ ಅಧ್ಯಾಯದಲ್ಲಿ ಹೇಳಿತ್ತು. ಆ ಸಾಫ್ಟ್‌ವೇರನ್ನು ಮಾರಲಿರುವ ಸಂಸ್ಥೆ ಯಾವುದು, ಅಷ್ಟು ದೊಡ್ಡ ಕೆಲಸ ಮಾಡಿದ ಇತಿಹಾಸ ಅದಕ್ಕಿದೆಯೇ, ಕಂಪನಿ ವ್ಯವಹಾರಗಳ ಸಚಿವಾಲಯಕ್ಕೆ ಅದು ತನ್ನ ಲೆಕ್ಕಪತ್ರ ಸಲ್ಲಿಸಿದೆಯೇ ಎಂದು ಸಣ್ಣ ಹೂಡಿಕೆದಾರರ ಸಂಘವೊಂದು ಪ್ರಶ್ನೆ ಎತ್ತಿ ದೂರು ಕೊಟ್ಟಿತು. ಷೇರಿನ ನೋಂದಣಿ ತಡೆಹಿಡಿಯಲ್ಪಟ್ಟು, ತನಿಖೆಯ ಬಳಿಕ ಆ ಮಾರಾಟಗಾರ ಸಂಸ್ಥೆ ಹೆಸರಿಗಷ್ಟೇ ಇರುವಂಥದ್ದೆಂದು ತೀರ್ಮಾನಿಸಿದ ಸೆಬಿ, ಹೂಡಿಕೆದಾರರಿಗೆ ಹಣ ಮರಳಿಸುವಂತೆ 2024ರ ಡಿಸೆಂಬರ್‌ನಲ್ಲಿ ಆದೇಶಿಸಿತು. ದೂರು ಕೊಟ್ಟವರ ಬಳಿ ಗುಪ್ತಚರರಿರಲಿಲ್ಲ. ಎತ್ತಿದ ಹಣ ಎಲ್ಲಿಗೆ ಹೋಗುತ್ತದೆ ಎಂಬ ಅಧ್ಯಾಯವನ್ನು ಅವರು ಓದಿ, ಅದರಲ್ಲಿದ್ದ ಒಂದು ಹೆಸರನ್ನು ಬೆನ್ನಟ್ಟಿದರು.

ಇಷ್ಟೆಲ್ಲ ಹೇಳಿದಾಗ ಎದುರಾಗುವ ವಾದ ಇನ್ಫೊಸಿಸ್‌ನದು. 1993ರಲ್ಲಿ 95 ರೂಪಾಯಿಗೆ ಬಿಡುಗಡೆಯಾದ ಆ ಷೇರಿಗೆ ಸಾಕಷ್ಟು ಅರ್ಜಿಗಳೇ ಬರಲಿಲ್ಲ, ಉಳಿದುಹೋದದ್ದರಲ್ಲಿ ದೊಡ್ಡ ಪಾಲನ್ನು ಮೋರ್ಗನ್ ಸ್ಟ್ಯಾನ್ಲಿ ಕೊಂಡಿತು, ಅಂದು ಧೈರ್ಯ ಮಾಡಿದವರು ಕೋಟ್ಯಧೀಶರಾದರು. ಆದ್ದರಿಂದ ಅತಿಯಾಗಿ ಯೋಚಿಸುವವನಿಗೆ ಲಾಭವಿಲ್ಲ ಎಂಬ ತರ್ಕ. ಈ ತರ್ಕದಲ್ಲಿ ಎಣಿಕೆಗೆ ಸಿಗುವುದು ಉಳಿದು ಬೆಳೆದ ಕಂಪನಿ ಮಾತ್ರ. ತೊಂಬತ್ತರ ದಶಕದ ಅದೇ ವರ್ಷಗಳಲ್ಲಿ ಸಾರ್ವಜನಿಕರಿಂದ ಹಣ ಎತ್ತಿ, ವಿಳಾಸವನ್ನೂ ಉಳಿಸದೆ ಕಾಣೆಯಾದ 200ಕ್ಕೂ ಹೆಚ್ಚು ಕಂಪನಿಗಳನ್ನು ಸರಕಾರವೇ ಕಣ್ಮರೆಯಾದ ಕಂಪನಿಗಳೆಂದು ಗುರುತಿಸಿತು. ಅವುಗಳ ಷೇರುಪತ್ರ ಕೊಂಡವರ ಕಥೆಯನ್ನು ಯಾವ ಹೂಡಿಕೆ ಶಿಬಿರದಲ್ಲೂ ಹೇಳುವುದಿಲ್ಲ. ಮೇಲಾಗಿ ಇನ್ಫೊಸಿಸ್ ಅಂದು ಲಾಭ ಗಳಿಸುತ್ತಿದ್ದ, ಹತ್ತಕ್ಕೂ ಹೆಚ್ಚು ವರ್ಷಗಳ ವ್ಯವಹಾರವಿದ್ದ ಕಂಪನಿ. ಅದು ಜನರಿಗೆ ಅಪರಿಚಿತವಾಗಿತ್ತೇ ವಿನಾ ಆಧಾರವಿಲ್ಲದ್ದಾಗಿರಲಿಲ್ಲ. ಅಧ್ಯಯನ ಮಾಡಿದವನಿಗೆ ಆ ವ್ಯತ್ಯಾಸ ಅಂದೂ ಕಾಣಬಹುದಾಗಿತ್ತು.

ಕಡತವೂ ಸುಳ್ಳು ಹೇಳಬಲ್ಲದು ಎಂಬ ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ಹೈದರಾಬಾದಿನ ಸತ್ಯಂ ಕಂಪ್ಯೂಟರ್ಸ್‌ನ ಅಧ್ಯಕ್ಷ ರಾಮಲಿಂಗ ರಾಜು 2009ರ ಜನವರಿ 7ರಂದು ಬರೆದ ಪತ್ರದಲ್ಲಿ, ಲೆಕ್ಕದಲ್ಲಿ ತೋರಿಸಿದ್ದ ನಗದಿನ ಪೈಕಿ 5,040 ಕೋಟಿ ರೂಪಾಯಿ ಇಲ್ಲವೇ ಇಲ್ಲ ಎಂದು ಒಪ್ಪಿಕೊಂಡರು. ಆ ಲೆಕ್ಕಗಳಿಗೆ ಹೆಸರಾಂತ ಲೆಕ್ಕಪರಿಶೋಧಕರ ಸಹಿಯಿತ್ತು. ಸಾಮಾನ್ಯ ಹೂಡಿಕೆದಾರ ಎಷ್ಟು ಓದಿದ್ದರೂ ಆ ಸುಳ್ಳನ್ನು ಲೆಕ್ಕಪತ್ರದಿಂದಲೇ ಹಿಡಿಯುವುದು ಕಷ್ಟವಿತ್ತು. ಪ್ರವರ್ತಕರು ತಮ್ಮ ಷೇರುಗಳನ್ನು ಒತ್ತೆಯಿಟ್ಟದ್ದನ್ನು ಪ್ರಕಟಿಸುವುದು ಅಂದು ಕಡ್ಡಾಯವೂ ಆಗಿರಲಿಲ್ಲ. ಸತ್ಯಂ ಪ್ರಕರಣದ ಬೆನ್ನಿಗೇ ಸೆಬಿ ಅದನ್ನು ಕಡ್ಡಾಯಗೊಳಿಸಿತು. ಇಂದು ಎರಡು ನಿಮಿಷದಲ್ಲಿ ನೋಡಬಹುದಾದ ಆ ಸಾಲಿನ ಹಿಂದೆ ಇಷ್ಟು ದೊಡ್ಡ ಹಗರಣವಿದೆ. ಆದ್ದರಿಂದ ಅಧ್ಯಯನವು ಮೋಸದಿಂದ ಪೂರ್ತಿ ರಕ್ಷಣೆ ಕೊಡುತ್ತದೆಂದು ಹೇಳುವುದು ತಪ್ಪಾದೀತು. ಒರಟಾದ ಮೋಸವನ್ನು ಅದು ಜರಡಿ ಹಿಡಿಯುತ್ತದೆ. ನಯವಾದ ಮೋಸಕ್ಕೆ ಮದ್ದು, ಪೂರ್ತಿ ಕಳೆದುಹೋದರೂ ಮನೆಯ ಖರ್ಚು, ಮಕ್ಕಳ ಶಾಲೆಯ ಶುಲ್ಕ ಕೆಡದಷ್ಟು ಹಣವನ್ನು ಮಾತ್ರ ಇಂಥ ಷೇರುಗಳಲ್ಲಿ ತೊಡಗಿಸುವುದು, ಸಾಲ ಮಾಡಿ ತೊಡಗಿಸದೆ ಇರುವುದು. ವಿನಿಮಯ ಕೇಂದ್ರಗಳು ವಿಪರೀತ ಏರಿಳಿತದ ಷೇರುಗಳನ್ನು ವಿಶೇಷ ನಿಗಾ ಪಟ್ಟಿಗೆ ಸೇರಿಸಿ ಪ್ರಕಟಿಸುತ್ತವೆ. ಪಟ್ಟಿಯಲ್ಲಿರುವುದು ಅಪರಾಧದ ಗುರುತಲ್ಲ, ಆದರೆ ಅಲ್ಲಿದೆಯೆಂದು ಗೊತ್ತಿಲ್ಲದೆ ಕೊಳ್ಳುವುದು ಉದಾಸೀನ. ಸಲಹೆ ಕೊಡುವವನು ಸೆಬಿಯಲ್ಲಿ ನೋಂದಾಯಿತನೇ ಎಂಬುದನ್ನೂ ಸೆಬಿಯ ಜಾಲತಾಣದಲ್ಲಿ ಹೆಸರು ಹುಡುಕಿ ತಿಳಿಯಬಹುದು.

ಸಾಧ್ನಾ ಪ್ರಕರಣದಲ್ಲಿ ಸೆಬಿಯ ಅಂತಿಮ ಆದೇಶ ಬಂದದ್ದು 2025ರ ಮೇ ತಿಂಗಳಲ್ಲಿ, ವಿಡಿಯೊಗಳು ಪ್ರಕಟವಾದ ಸುಮಾರು ಮೂರು ವರ್ಷಗಳ ಮೇಲೆ. 59 ಮಂದಿಗೆ ಪೇಟೆಯಿಂದ ನಿಷೇಧ ಹೇರಿ, ಅಕ್ರಮ ಲಾಭವಾದ 58 ಕೋಟಿ ರೂಪಾಯಿಯನ್ನು ಬಡ್ಡಿಸಹಿತ ಒಪ್ಪಿಸಲು ಹೇಳಲಾಯಿತು. ಹೂಡಿಕೆದಾರರ ದೂರುಗಳಿಗಾಗಿ ಸೆಬಿಯ ಸ್ಕೋರ್ಸ್ ವ್ಯವಸ್ಥೆಯಿದೆ, ಬ್ರೋಕರ್ ದಿವಾಳಿಯಾದರೆ ಪರಿಹಾರ ಕೊಡಲು ವಿನಿಮಯ ಕೇಂದ್ರಗಳಲ್ಲಿ ಹೂಡಿಕೆದಾರರ ರಕ್ಷಣಾ ನಿಧಿಯಿದೆ. ತಾನೇ ಆರಿಸಿ ಕೊಂಡ ಷೇರಿನ ಬೆಲೆ ಬಿದ್ದು ಆದ ನಷ್ಟವನ್ನು ತುಂಬಿಕೊಡುವ ನಿಧಿ ಯಾವುದೂ ಇಲ್ಲ.